ಉಳಿದ ಅಕ್ಷರ

ಸುಳ್ಳ ಯಾಕ ಹೇಳ್ಲಿ ಕರ್ತಾ,
ಪಟ್ಟಿ ಓದೋಕಿಂತ ಎಂಟು ದಿನ ಮೊದಲೇ
ನಾನೇ ಬರೆದಿದ್ದೆ
ಟ್ರಂಕಿನ ಮಗ್ಗಲಿಗೆ,
ಕಿಟಕಿಗೆ ಹಚ್ಚಿ ಉಳಿದ ಬಿಳಿ ಬಣ್ಣದಾಗ:
ಬೀದರ.

ಎಂಟು ಊರು ಕಂಡ ಟ್ರಂಕು ಅದು.
ಔರಾದ, ಚಿಟಗುಪ್ಪಾ, ಹುಮನಾಬಾದ, ಸೇಡಂ,
ಒಂದರ ಕೆಳಗ ಒಂದು, ಭಾಲ್ಕಿ ತನಕ.
ಪ್ರತಿ ಸಲ ಇವರು ಬರೀತಿದ್ದರು,
ಪಟ್ಟಿ ಓದಿದ ಮ್ಯಾಲ.
ಕೆಳಗ ಒಂದೇ ಸಾಲಿನ ಜಾಗ ಉಳಿದಿತ್ತು.
ನಾ ಕಾಯಲಿಲ್ಲ.

ಮೂರು ಶುಕ್ರವಾರ ಉಪವಾಸ ಇದ್ದೆ.
ಭಕ್ತಿ ಅಂದರು ಓಣಿಯವರು.
ನಿಂಗ ಗೊತ್ತದ, ಅದು ಚೌಕಾಸಿ.
ಅಡುಗೆಮನ್ಯಾಗ ನಳ ಇರೋ ಮನಿ ಕೊಡು ಅಂದೆ.
ಸುವಾರ್ತಾ ನರ್ಸಿಂಗ್ ಕಲೀಲಾಕ
ನಡಕೊಂಡು ಹೋಗೋ ದಾರಿ ಕೊಡು ಅಂದೆ.
ಸಂಜಿಗೆ ಚೌಬಾರಾ ತನಕ ಹೋಗಿ ಬರೋ ಹಾಂಗ ಇರಲಿ ಅಂದೆ.
ನಡುನಡುವೆ, ಮರೀಬಾರದು ಅಂತ,
ಆದರೂ ನಿನ್ನ ಚಿತ್ತ, ಅಂತಲೂ ಅಂದೆ,
ಅಂಗಡ್ಯಾಗ ದರ ಕೇಳಿ ಎದ್ದು ಹೋಗೋರ ಹಾಂಗ,
ಹಿಂದಿನಿಂದ ಕರೀತಾನ ಅಂತ ಕಿವಿ ಇಟ್ಟು.

ಬಿಷಪ್ಪರು ಓದಿದರು.
ಬೀದರಿಗೆ ಬ್ಯಾರೆಯವರ ಹೆಸರು ಬಂತು.
ಪ್ರಮೀಳಾಬಾಯಿ, ನನ್ನ ಮಗ್ಗಲಾಗೇ ಕುಂತಾಕಿ,
ಬಾಯಿಗೆ ಸೆರಗು ಒತ್ತಿ ಖುಷಿಗೆ ಅತ್ತಳು.
ಆಕಿ ಬೆನ್ನು ಸವರಿದೆ. ಕೈ ನಂದೇ,
ಸವರಿದವರು ಯಾರೋ ಗೊತ್ತಿಲ್ಲ.
ಆಮ್ಯಾಲ ನಮ್ಮದು: ವಡಗೇರಾ.
ಯಾದಗಿರಿ ದಾಟಿ, ಭೀಮಾ ದಾಟಿ, ಎರಿ ಮಣ್ಣಿನ ಊರು.
ಇವರು ಎದ್ದು ನಿಂತು ತಲಿ ಬಾಗಿಸಿದರು.
ನಾನೂ ಎದ್ದೆ. ತಲಿ ಬಾಗಲಿಲ್ಲ.

ಕಡೀಗೆ ಎಲ್ಲರೂ ಕೂಡಿ ಆ ಪ್ರಾರ್ಥನಿ,
ಕೂಸಿದ್ದಾಗಿನಿಂದ ಬಾಯಾಗ ಇರೋದು.
ಆ ಸಾಲು ಬಂದಾಗ ತುಟಿ ಮುಚ್ಚಿದೆ.
ನಾನೂರು ಮಂದಿ ನನ್ನ ಪಾಲಿಂದೂ ಅಂದರು.
ರೊಟ್ಟಿ ಕೇಳೋ ಸಾಲಿಗೆ
ಮತ್ತ ಸೇರಿಕೊಂಡೆ.

ರಾತ್ರಿ ಭಾಲ್ಕಿ ಮನ್ಯಾಗ
ಇವರು ಟ್ರಂಕು ಎಳೆದರು, ಕಂಡರು.
ಬೈತಾರ ಅಂದುಕೊಂಡೆ.
ಬಾಟಲಿಯಾಗ ಚಿಮಣಿ ಎಣ್ಣಿ, ಹಳೇ ಬನಿಯನ್ನಿನ ಚೂರು
ತಂದು ಮುಂದ ಇಟ್ಟು
"ನಂಗೂ ಬೀದರ ಬೇಕಿತ್ತು" ಅಂದರು.
ಮೂವತ್ತೊಂದು ವರ್ಷದಾಗ
ಅವರ ಬಾಯಾಗ ಬೇಕು ಅನ್ನೋ ಮಾತು
ಅವತ್ತೇ ಕೇಳಿದ್ದು.

ತಿಕ್ಕಿದೆ. ಬೀ ಹೋಯಿತು.
ದ ಹೋಯಿತು, ಒಂದಿಷ್ಟು ತುಕ್ಕನ್ನೂ ಕರಕೊಂಡು.
ರ ಹೋಗಲಿಲ್ಲ.
ಸೇಡಮ್ಮಿನಾಗ ಲಾರಿಯಿಂದ ಬಿದ್ದು ತಗಡು ಅಲ್ಲಿ ತಗ್ಗಾಗಿತ್ತು,
ಬಣ್ಣ ಆ ಕುಳಿಯಾಗ ಕುಂತುಬಿಟ್ಟಿತ್ತು.
ಕೈ ಸೋತವು. ಉಗುರಿನ ಸಂದಿಯಾಗೂ ಎಣ್ಣಿ ವಾಸನಿ.
ಬಾಗಿಲಿಗೆ ಒರಗಿ ನಿಂತ ಸುವಾರ್ತಾ ಅಂದಳು:
"ಅವ್ವಾ, ವಡಗೇರಾಕ್ಕೂ ಕಡೀಗೆ ರ ಅದಲ್ಲ."

ನಗು ಬಂತು,
ಸಿಟ್ಟಿನ ಬಾಲ ಹಿಡಕೊಂಡೇ ಬಂತು.
ಕುಂಚ ಒಣಗಿ ಕಲ್ಲಾಗಿತ್ತು.
ಕಡ್ಡಿ ತುದಿಗೆ ಅರಿವಿ ಸುತ್ತಿ
ರ-ದ ಮುಂದ ವ ಡ ಗೇ ತುರುಕಿದೆ.
ಎರಡು ಅಕ್ಷರದ ಜಾಗಕ್ಕ ಮೂರು,
ಯಾದಗಿರಿ ಬಸ್ಸಿನಾಗ ಕುಂತಾಂಗ
ಒಂದರ ಮೈ ಒಂದಕ್ಕ ತಾಗಿಸಿ ಕುಂತವು.
ಆಮ್ಯಾಲ ನನ್ನ ರ-ದ ತಲಕಟ್ಟು ಬಾಗಿಸಿ
ಒಂದು ದೀರ್ಘ ಎಳೆದೆ.

ಇದನ್ನ ಸಮರ್ಪಣೆ ಅಂತ ಬರಕೋಬ್ಯಾಡ ನೀ.
ಮುಂಜಾನೆ ಎದ್ದರ ಮತ್ತ ನಳ ನೆನಪಾಗ್ತದ.
ಐತಾರ ಆ ಸಾಲು ಬಂದಾಗ
ಬಾಯಿ ತೆರೀತೀನೋ ಇಲ್ಲೋ, ನಂಗೇ ಗೊತ್ತಿಲ್ಲ.
ಸದ್ಯಕ್ಕ ಬಣ್ಣ ಹಸಿ ಅದ,
ಟ್ರಂಕಿನ ಬಾಜೂಕ ಕುಂತೀನಿ.
ನೀನೂ ಕುಂತಾಂಗ ಕಾಣ್ತದ.
ಒಣಗೋ ತನಕ
ಇಬ್ಬರೂ ಮುಟ್ಟೋದು ಬ್ಯಾಡ.