ಹೆಪ್ಪಿನ ಮೂಲೆ

ಈ ಗೋಡೆ ನಾನೇ ನಿಲ್ಲಿಸಿದ್ದು.
ತೋರಣಗಲ್ಲಿನಲ್ಲಿ, ಕಾರ್ಖಾನೆಯ ಪಡುವಣ ಕಾಂಪೌಂಡಿಗೆ ಹತ್ತಿ
ಸಾಲಾಗಿ ಇಪ್ಪತ್ತೆರಡು ಕೋಣೆ; ಹದಿನೇಳನೆಯದು ನಮಗೆ.
ಎರಡಡಿಗೊಂದು ಉಕ್ಕಿನ ಸ್ಟಡ್,
ನಡುನಡುವೆ ಗಾಜಿನ ಉಣ್ಣೆ,
ಹೊರಗೆ ತಗಡು, ಒಳಗೆ ಬೋರ್ಡು.
ಉಣ್ಣೆ ತುಂಬಿದ ವಾರವೆಲ್ಲ ಮೈ ತುರಿಸಿ
ರೊಟ್ಟಿ ಮುರಿಯಲೂ ಕೈ ಬಿಡುವಾಗಲಿಲ್ಲ.

"ನಾಲ್ಕಿಂಚು ಐತಪ ಗಾದಿಲಿಂಗ,
ಬಿಸಿಲು ಹೊರಗ ಕುಂತು ಅಳಬೇಕು" ಅಂದಿದ್ದರು
ಸೂಪರ್‌ವೈಸರ್ ಅಮೀನಸಾಬ್,
ಉಣ್ಣೆಯ ಚೀಲದ ಮೇಲಿನ ಅಂಕಿಗೆ ಬೆರಳೊತ್ತಿ.

ಮೇ ತಿಂಗಳು ಬಂತು. ಬಿಸಿಲು ಅಳಲಿಲ್ಲ.
ಅದಿರು ಲಾರಿಗಳ ಕೆಂಪು ಧೂಳು ಮೆತ್ತಿಕೊಂಡು
ಸಂಜೆಯ ತಗಡು ಹಂಚಿನ ಹಾಗೆ ಕಾಯುತ್ತಿತ್ತು.

ರಾತ್ರಿ ಒಂಬತ್ತಕ್ಕೆ ಕರೆಂಟು ಹೋದಾಗ
ಯರ್ರೆಮ್ಮ ಎದ್ದು ಗೋಡೆಗೆ ಅಂಗೈ ಹಚ್ಚಿದಳು
ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ.
"ಇಲ್ಲಿ ಸುಡತೈತಿ.
ಇಲ್ಲಿ ಇಲ್ಲ.
ಇಲ್ಲೂ ಇಲ್ಲ.
ಇಲ್ಲಿ ಮತ್ತ ಸುಡತೈತಿ."
ಕತ್ತಲಲ್ಲಿ ಬಳೆ ಸಪ್ಪಳ ಮಾತ್ರ
ಎಡದಿಂದ ಬಲಕ್ಕೆ ಹೋಯಿತು.
ಸುಟ್ಟಲ್ಲೆಲ್ಲ ರಂಗೋಲಿ ಪುಡಿಯ ಒಂದೊಂದು ಬೆರಳು.

ಬೆಳಗ್ಗೆ ಟೇಪು ಹಿಡಿದೆ.
ಎರಡಡಿ. ಎರಡಡಿ. ಎರಡಡಿ.
ಕಿಟಕಿಯ ಎರಡೂ ಬದಿಗೆ ಜೋಡಿ ಗೆರೆ,
ಅಲ್ಲಿ ಜೋಡಿ ಸ್ಟಡ್ ಕೊಟ್ಟಿದ್ದು ನಿಜ.
ನಾನು ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದು
ಕಾಣದಂತೆ ಮಾಡಿದ ನಕ್ಷೆಯನ್ನು
ಅವಳು ಅಂಗೈಯಲ್ಲಿ ಎತ್ತಿಕೊಂಡಿದ್ದಳು.

ಉಣ್ಣೆ ತನ್ನ ಕೆಲಸ ಮಾಡಿತ್ತು, ಸುಳ್ಳು ಹೇಳಬಾರದು.
ಆದರೆ ಚೀಲದ ಮೇಲಿನ ಅಂಕಿ ಉಣ್ಣೆಗೆ ಬರೆದದ್ದು,
ಗೋಡೆಗಲ್ಲ.
ಗೋಡೆಗೆ ಎಲುಬಿದೆ.
ಅದು ಒಂದು ಮಗ್ಗುಲು ಬಿಸಿಲಿಗೆ ಕೊಟ್ಟು
ಇನ್ನೊಂದನ್ನು ನಮ್ಮ ದಿಂಬಿಗೆ ತಂದಿಟ್ಟಿದೆ.
ಹೊರಗೆ ಕೇಳಿದ್ದನ್ನು ಒಳಗೆ ಹೇಳದೆ
ಉಕ್ಕಿಗೆ ಉಂಡದ್ದು ಅರಗುವುದಿಲ್ಲ.
ದಿನವೂ ಬೆಸುಗೆ ಹಾಕುವವನಿಗೆ
ಇಷ್ಟಾದರೂ ಗೊತ್ತಿರಬೇಕಿತ್ತು.

ಕಂಪ್ಲಿಯ ಅವಳ ತವರಿನ ಗೋಡೆಗೆ ಎಲುಬಿರಲಿಲ್ಲ.
ಮೊಳದ ಮೇಲೆ ಗೇಣು ದಪ್ಪ, ಬರೀ ಮಣ್ಣು, ಬರೀ ಮೈ.
ಒಳಗೆ ಹೊರಟ ಬಿಸಿಲಿಗೆ
ನಡುದಾರಿಯಲ್ಲೇ ಹೊತ್ತು ಮುಳುಗುತ್ತಿತ್ತು.
"ಹಂಗಂತ ಹೊಗಳಬ್ಯಾಡ" ಅಂದಳು.
"ನಮಗಿಂತ ಮೊದಲು ಅಲ್ಲಿ ಗೆದ್ದಲು ಸಂಸಾರ ಹೂಡಿತ್ತು.
ಚೇಳು ಬ್ಯಾರೆ."

ತೊಟ್ಟಿಲನ್ನು ಎರಡು ಗೆರೆಗಳ ನಡುವೆ ಎಳೆದೆವು.
ನನ್ನ ಬೆನ್ನಿನ ಪಾಲಿಗೆ ಒಂದು ಸ್ಟಡ್ ಬಂತು.
ಮೂಲೆಯಲ್ಲಿ ಮೂರು, ಒತ್ತೊತ್ತಿಗೆ;
ಉಣ್ಣೆ ತುರುಕಲು ಅಲ್ಲಿ ಬೆರಳು ಹೋಗುತ್ತಿರಲಿಲ್ಲ,
ಯಾರು ನೋಡುತ್ತಾರೆ ಅಂತ ಹಾಗೇ ಬಿಟ್ಟಿದ್ದೆ.
ಈಗ ಆ ಮೂಲೆಗೆ ತಲೆ ಹಾಕಿ ಯಾರೂ ಮಲಗುವುದಿಲ್ಲ.

ಮುಂದಿನ ಸಾಲು ಶುರುವಾದಾಗ
ಗಣಿಯ ಸವೆದ ಕನ್ವೇಯರ್ ಬೆಲ್ಟು ತಂದು, ಪಟ್ಟಿ ಸೀಳಿ,
ಸ್ಟಡ್ಡಿಗೂ ತಗಡಿಗೂ ನಡುವೆ ಇಟ್ಟೆ.
ಅಮೀನಸಾಬ್ ಬಗ್ಗಿ ನೋಡಿದರು.
"ಡ್ರಾಯಿಂಗಿನಾಗ ಇದು ಇಲ್ಲಲ್ಲೋ."
"ಬಿಸಿಲೂ ಇಲ್ರಿ ಡ್ರಾಯಿಂಗಿನಾಗ" ಅಂದೆ.
ಅರ್ಧ ದಿನದ ಕೂಲಿ ಕಡಿದರು. ಪಟ್ಟಿ ಕೀಳಿಸಿದರು.
ಒಂದು ಗೋಡೆ ಉಳಿಯಿತು,
ಅದಕ್ಕಾಗಲೇ ಎರಡೂ ಕಡೆ ಸ್ಕ್ರೂ ಬಿದ್ದಿತ್ತು.

ಕೋಣೆ ಮೂವತ್ತೊಂದು.
ಯಾರು ಬರುತ್ತಾರೋ. ಬಂದವರಿಗೂ ತಿಳಿಯುವುದಿಲ್ಲ.
ಬೀಗ ಹಾಕುವ ಮುಂಚೆ ಒಂದು ರಾತ್ರಿ
ಒಬ್ಬನೇ ಹೋಗಿ, ದೀಪ ಹಚ್ಚದೆ,
ಅಂಗೈ ಹಚ್ಚಿ ನಡೆದೆ ಎಡದಿಂದ ಬಲಕ್ಕೆ.
ಸ್ಟಡ್ಡನ್ನು ಹುಡುಕಬೇಕಾಯಿತು.
ಎರಡು ಸಲ ತಪ್ಪಿದೆ.

ಮನೆಗೆ ಬಂದರೆ ಯರ್ರೆಮ್ಮ
ಮೂರು ಸ್ಟಡ್ಡಿನ ಮೂಲೆಗೆ ಹಾಲಿನ ಗಡಿಗೆ ಒರಗಿಸಿ
ಹೆಪ್ಪು ಹಾಕುತ್ತಿದ್ದಳು.
"ಎರಡು ತಾಸಿಗೆ ಎಬ್ಬಿಸು ನನ್ನ" ಅಂದಳು.
"ಮರೆತಿ ಅಂದ್ರ ಹುಳಿಯಾಗತೈತಿ."