ಒಂಬತ್ತರಲ್ಲಿ ಐದನೆಯದು

ಕ್ರಿಸ್ಟಿಯಾನ್‌ಸುಂಡ್ ಬಂದರುಕಟ್ಟೆಯ ಹಳೆಯ ಗೋದಾಮು
ಈಗ ಊರಿನ ದಾಖಲೆಮನೆ. ಎರಡನೆಯ ಮಹಡಿಯಲ್ಲಿ ನಾನು,
ಒಂದು ಸ್ಕ್ಯಾನರ್, ಆರಿದ ಕಾಫಿ,
ಮರದ ಗೋಡೆ ಇನ್ನೂ ಬಿಡದ ಮೀನಿನ ವಾಸನೆ.

ಗುನ್‌ವೋರ್ ತಂದ ಚಿತ್ರದಲ್ಲಿ
ಬಂಡೆಯ ಮೇಲೆ ಉಪ್ಪು ಹಾಕಿದ ಮೀನು ಹರವುವ ಹೆಂಗಸರು,
ಹನ್ನೊಂದು ಮಂದಿ, ಬಿಳಿ ತಲೆವಸ್ತ್ರ.
ಮೇಲೆಲ್ಲ ಬಿಳಿ ಚುಕ್ಕಿ, ಕರಿ ಚುಕ್ಕಿ.
ನಮ್ಮ ಕಸುಬಿನಲ್ಲಿ ಇದಕ್ಕೆ ಉಪ್ಪು-ಮೆಣಸಿನ ಗದ್ದಲ ಅನ್ನುತ್ತೇವೆ.
ಅವಳು ನಕ್ಕಳು: "ಮೆಣಸು ನಮಗೆಲ್ಲಿತ್ತು, ಬರೀ ಉಪ್ಪು."

ಮೊದಲು ಸರಾಸರಿ ಹಾಕಿ ನೋಡಿದೆ.
ಸರಾಸರಿ ಒಳ್ಳೆಯವನು, ಎಲ್ಲರಿಗೂ ಹಂಚುತ್ತಾನೆ:
ಒಬ್ಬಳ ಮೂಗನ್ನು ಪಕ್ಕದ ಬಂಡೆಗೆ,
ಬಂಡೆಯನ್ನು ಸಮುದ್ರಕ್ಕೆ.
ಮಂಜು ಕವಿದ ಹಾಗಾಯಿತು. ಬಿಟ್ಟೆ.

ಆಮೇಲೆ ಮಧ್ಯಾಂಕ.
ಮೂರಕ್ಕೆ ಮೂರರ ಪುಟ್ಟ ಕಿಟಕಿ
ಎಡದಿಂದ ಬಲಕ್ಕೆ, ಸಾಲಿಂದ ಸಾಲಿಗೆ ತೆವಳುತ್ತದೆ.
ಎಲ್ಲಿ ನಿಂತರೂ ಅದೇ ಪಂಚಾಯಿತಿ:
ಒಂಬತ್ತು ಚುಕ್ಕಿ ಕಪ್ಪಿನಿಂದ ಬಿಳುಪಿಗೆ ಸಾಲಾಗಿ ನಿಲ್ಲಬೇಕು,
ಐದನೆಯದು ಎದ್ದು ನಡುವಿನ ಮಣೆಗೆ ಬರಬೇಕು.
ಕೂಗಾಡುವ ಬಿಳಿ ಕೊನೆಗೆ, ಮುನಿದ ಕಪ್ಪು ಮೊದಲಿಗೆ;
ಅವರ ಮಾತು ಯಾರೂ ಕೇಳುವುದಿಲ್ಲ.

ಚಿತ್ರದ ಅಂಚಿಗೆ ಬಂದರೆ
ಕಿಟಕಿಯ ಒಂದು ಪಟ್ಟಿ ಹೊರಗೆ ಜೋತುಬೀಳುತ್ತದೆ.
ಅಲ್ಲಿ ನೆರೆಯವರಿಲ್ಲ. ಇಲ್ಲದ ನೆರೆಯನ್ನು ನಾವೇ ಹುಟ್ಟಿಸುತ್ತೇವೆ,
ಸೊನ್ನೆಯಿಂದ, ಇಲ್ಲವೇ ಕನ್ನಡಿ ಹಿಡಿದು.
ಬಲ ಅಂಚಿನಲ್ಲಿ ಒಬ್ಬ ಹುಡುಗಿ,
ಅರ್ಧ ಕತ್ತರಿಸಿಹೋದ ಲಂಗ, ಮುಂದೆ ಚಾಚಿದ ಅಂಗೈ.

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.
ಹನ್ನೊಂದು ಮುಖ ತೊಳೆದಿಟ್ಟ ಹಾಗೆ,
ಬಂಡೆಯ ಅಂಚು ಅಂಚಾಗಿಯೇ. ನನಗೇ ಹೆಮ್ಮೆ.
ಗುನ್‌ವೋರ್ ಕನ್ನಡಕ ಏರಿಸಿ ಹುಡುಗಿಯ ಕೈಯನ್ನೇ ನೋಡಿದಳು.
"ಹಲ್ಲೆಲ್ಲಿ?"

ಅವತ್ತು ಬೆಳಿಗ್ಗೆ ಬಿದ್ದ ಹಾಲುಹಲ್ಲು.
ಫೋಟೋದವನಿಗೆ ತೋರಿಸಲೆಂದು ತಂಗಿ ಬೊರ್ಗಿಲ್ಡ್ ಚಾಚಿದ ಕೈ.
ಕೈ ಇದೆ, ಖಾಲಿ.
ಈಗ ಏನೋ ಬೇಡುವವಳ ಹಾಗೆ ಕಾಣುತ್ತಾಳೆ.
"ಅವಳು ಯಾರ ಹತ್ತಿರವೂ ಏನೂ ಬೇಡಿದವಳಲ್ಲ."

ಎಂಟು ಬೂದು, ಒಂದು ಬಿಳಿ. ಲೆಕ್ಕ ತಪ್ಪಿಲ್ಲ.
ಅದನ್ನು ಅವಳಿಗೆ ಹೇಳಲಿಲ್ಲ.

ಆ ಕೈಯ ಸುತ್ತ ಬೇಲಿ ಎಳೆದು
ಜರಡಿಯನ್ನು ಹೊರಗೇ ನಿಲ್ಲಿಸಿದೆ.
ಹಳೆಯ ಗದ್ದಲ ಮರಳಿತು; ಅಂಗೈಯಲ್ಲಿ ಐದು ಬಿಳಿ ಚುಕ್ಕಿ.
"ಇದು" ಎಂದು ಪರದೆಗೆ ಬೆರಳೂರಿದಳು.
ತಡೆದು, "ಅಲ್ಲ, ಇದಿರಬೇಕು."
ಬೆರಳು ಮೂರನೆಯದರ ಮೇಲೆ ಹೋಗಿ ಸುಮ್ಮನಾಯಿತು.

ಐದನ್ನೂ ಇಟ್ಟೆ.
ನಾಲ್ಕು ಧೂಳು, ಒಂದು ಹಲ್ಲು;
ಅಥವಾ ಐದೂ ಧೂಳು.

ನಾಲ್ಕು ಗಂಟೆಯ ದೋಣಿಗೆ ಅವಳು ಇಳಿದು ಹೋದಳು.
ಪರದೆಯ ಮೇಲೆ ಮೂರು ಬೆರಳಿನ ಗುರುತು.
ಒರೆಸಬೇಕು. ನಾಳೆ ಒರೆಸಿದರಾಯಿತು.