ಎಪ್ಪತ್ತೈದು ಅಡಿ

ಎಲ್ಲಿಂದ ಅಳೆಯಲಿ, ಹೇಳಿ,
ಅಂದಳು ಕೌಂಟಿಯ ಸರ್ವೇಯರು ಮಾರ್ಲಿಸ್,
ಮೊಣಕಾಲುದ್ದ ಬೂಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.

ನಿಯಮ ಸರಳ:
ನೀರು ಏರುವಷ್ಟು ಏರಿ ನಿಂತ ಗುರುತಿನಿಂದ
ಎಪ್ಪತ್ತೈದು ಅಡಿ ಹಿಂದೆ ಮನೆ.
ಹದಿನಾಲ್ಕು ಮನೆಗೆ ಒಂದೇ ದೋಣಿಕಟ್ಟೆ.
ಅರ್ಧ ದಂಡೆ ಯಾರೂ ಮುಟ್ಟಬಾರದು,
ಹುಲ್ಲು ಹುಲ್ಲಾಗಿಯೇ ಇರಬೇಕು.

ಆದರೆ ಈ ಕೆರೆಗೆ ಏರಿಯಿಲ್ಲ, ತೂಬಿಲ್ಲ,
ಹೇಳಿದ ಮಾತು ಕೇಳುವ ಅಭ್ಯಾಸವಿಲ್ಲ.
ಅಕ್ಟೋಬರಿನಲ್ಲಿ ಹೊಡೆದ ಗೂಟ, ಅದಕ್ಕೊಂದು ಕಿತ್ತಳೆ ರಿಬ್ಬನ್ನು.
ಏಪ್ರಿಲಿನಲ್ಲಿ ಮಂಜುಗಡ್ಡೆ ಬೆನ್ನು ಮುರಿದುಕೊಂಡು ದಡ ಹತ್ತಿ
ಕಲ್ಲು, ಮಣ್ಣು, ಬರ್ಚ್ ಮರದ ಬೇರು
ನೂಕುತ್ತ ನೂಕುತ್ತ
ಒಂಬತ್ತು ಅಡಿ ಒಳಗೆ ತಂದು ನಿಲ್ಲಿಸಿದೆ ಗೂಟವನ್ನು,
ರಿಬ್ಬನ್ನೂ ಬಿಚ್ಚದೆ.

ಹಳೇ ಗುರುತೇ ಗುರುತು, ಅಂದ ಬಿಲ್ಡರ್ ಕೆಸ್ಕಿನೆನ್.
ಅವನ ನಕ್ಷೆಯಲ್ಲಿ ಕೆರೆ
ಇಸ್ತ್ರಿ ಮಾಡಿ ಮಡಿಸಿಟ್ಟ ನೀಲಿ ಅಂಗಿ.

ಸಭೆಯಲ್ಲಿ ಡೆಲ್ಫೀನ್ ಎದ್ದಳು, ಒಜಿಬ್ವೆ ಮುದುಕಿ,
ಕೈಯಲ್ಲಿ ಚೀಟಿಯಿಲ್ಲ.
ನನ್ನಜ್ಜಿ ದೋಣಿಯಲ್ಲಿ ಕೂತು
ಕಾಡಕ್ಕಿಯ ತೆನೆ ಬಡಿದದ್ದು
ನೀವೀಗ ಕಾರು ನಿಲ್ಲಿಸಿದ್ದೀರಲ್ಲ, ಅಲ್ಲಿ, ಅಂದಳು.
ಎಲ್ಲರೂ ಕಿಟಕಿಯಾಚೆ ನೋಡಿದರು.
ಮೂರು ನಿಮಿಷ ಆಯಿತು, ಅಂದರು ಅಧ್ಯಕ್ಷರು.

ನಡಾವಳಿ ಬರೆಯುವವನು ನಾನು.
'ಅರ್ಜಿ ಮುಂದೂಡಲಾಗಿದೆ' ಅಂತ ಬರೆದೆ.
ಒಂಬತ್ತು ಅಡಿಗೆ ಕಾಲಂ ಇರಲಿಲ್ಲ.

ಮನೆಗೆ ಹೋಗುವಾಗ ನೋಡಿದರೆ
ಗೂಟದ ಹಿಂದೆ, ಹೊಸದಾಗಿ ಒಡೆದ ಮರಳಿನಲ್ಲಿ
ಹಿಂಗಾಲಿನಿಂದ ಗುಂಡಿ ತೋಡುತ್ತಿದೆ ಒಂದು ಆಮೆ,
ಯಾರನ್ನೂ ಕೇಳದೆ,
ಅಳೆದು ಅಳೆದು.